ಮುಸುರೆಯ ಗೆರೆ

ಅನ್ನ ಮುಟ್ಟಿದ ಕೈಯನ್ನು ತೊಳೆಯದೆ ಮೊಸರು, ಉಪ್ಪಿನಕಾಯಿಗಳನ್ನು ಮುಟ್ಟಬಾರದೆಂಬ ಮುಸುರೆಯ ನಿಯಮವನ್ನು ನಮ್ಮಲ್ಲಿ ಅನೇಕರ ಅಜ್ಜಿಯರು ಊರಿನಿಂದ ಮುಂಬಯಿಯ ಚಾಳುಗಳಿಗೂ ತಂದಿದ್ದರು. ಅದರಲ್ಲಿ ಅನುಭವದ ವಿವೇಕವಿತ್ತು. ಬೆಂದ ಅನ್ನ ಬೇಗ ಹಳಸುತ್ತದೆ; ಅದರ ತೇವ ತಗುಲಿದರೆ ವರ್ಷಕ್ಕೆಂದು ಹಾಕಿಟ್ಟ ಉಪ್ಪಿನಕಾಯಿಗೆ ಬೂಸು ಹಿಡಿಯುತ್ತದೆ. ಹಿತ್ತಾಳೆಯ ಪಾತ್ರೆಗೆ ತವರದ ಕಲಾಯಿ ಹಾಕಿಸುತ್ತಿದ್ದುದೂ ಇಂಥದೇ ಎಚ್ಚರ. ಕಲಾಯಿ ಸವೆದರೆ ಹುಣಸೆಯ ಹುಳಿಗೆ ತಾಮ್ರ ಕರಗಿ ಸಾರು ಕೆಡುತ್ತಿತ್ತು.

ಆದರೆ ಅದೇ ಮಡಿ ಮನುಷ್ಯರನ್ನೂ ಹೊರಗಿಟ್ಟಿತು. ಜಾತಿಯ ಹೆಸರಿನಲ್ಲಿ ಹೊಸ್ತಿಲಾಚೆ ನಿಲ್ಲಿಸಿದ್ದರಿಂದ, ಮುಟ್ಟಾದ ಹೆಣ್ಣನ್ನು ಮೂರು ದಿನ ಹೊರಗೆ ಕೂರಿಸಿದ್ದರಿಂದ ಯಾವ ರೋಗವೂ ನಿಲ್ಲಲಿಲ್ಲ.

ಚಾಳಿನ ಒಂಟಿ ಕೋಣೆಯಲ್ಲಿ, ಹೊತ್ತುಹೊತ್ತಿಗೆ ಮಾತ್ರ ಬರುವ ಸಾಮೂಹಿಕ ನಲ್ಲಿಯ ನೀರಿನಲ್ಲಿ, ಹಳೆಯ ಮಡಿ ನಡೆಯುವಂತಿರಲಿಲ್ಲ. ಕೈತೊಳೆಯುವುದಕ್ಕೂ ನೀರು ಬೇಕು, ಬೇರೆಬೇರೆಯಾಗಿ ಇಡುವುದಕ್ಕೂ ಜಾಗ ಬೇಕು. 1958ರಲ್ಲಿ ಭಾರತದಲ್ಲೇ ತಯಾರಾದ ಫ್ರಿಜ್ಜು ಮಾರುಕಟ್ಟೆಗೆ ಬಂತು. ಮುಂದಿನ ದಶಕಗಳಲ್ಲಿ ಸ್ಟೀಲು ಪಾತ್ರೆಗಳು ತುಂಬಿಕೊಂಡು ಬೀದಿಯ ಕಲಾಯಿಯವನ ಕೂಗು ಅಡಗಿತು.

ಮಡಿ ಹೋದುದಕ್ಕೆ ನಾವು ಮರುಗಬೇಕಿಲ್ಲ. ಆದರೆ ಅದರೊಂದಿಗೆ ಎಚ್ಚರವನ್ನೂ ಬಿಟ್ಟೆವೇ ಎಂದು ಕೇಳಿಕೊಳ್ಳಬೇಕು. ಮಧ್ಯಾಹ್ನದ ಅನ್ನವನ್ನು ರಾತ್ರಿಯವರೆಗೆ ಹೊರಗೇ ಬಿಟ್ಟು, ಆಮೇಲೆ ಫ್ರಿಜ್ಜಿನಲ್ಲಿಟ್ಟು ನಿಶ್ಚಿಂತರಾಗುವ ನಮಗೆ, ಮುಸುರೆಯ ಕೈ ತೊಳೆಯೆಂದ ಅಜ್ಜಿಯ ಮಾತಿನಲ್ಲಿ ಕಲಿಯುವುದು ಇನ್ನೂ ಉಳಿದಿದೆ.