ಬೆಂಗಳೂರಿನ ನೀರು, ಕೋಲಾರದ ಹಕ್ಕಿ

ಯುಗಾದಿ ಹೊತ್ತಿಗೆ ಬೈನಾಕ್ಯುಲರ್ ಹಿಡಿದು ಕೋಲಾರದ ಕಡೆ ಹೊರಟಿದ್ದೀರಾ? ಒಂದು ಮಾತು ನೆನಪಿಡಿ. ನೀವು ನೋಡೋ ಆ ಕೆರೆಗಳನ್ನು ಕಟ್ಟಿದ್ದು ಮನುಷ್ಯರು. ವರ್ಷಪೂರ್ತಿ ಹರಿಯುವ ನದಿ ಈ ಜಿಲ್ಲೆಗಿಲ್ಲ. ಹಾಗಾಗಿ ಹಳ್ಳಗಳಿಗೆ ಏರಿ ಹಾಕಿ, ಒಂದು ಕೆರೆ ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ ಹೋಗುವಂತೆ ಮಾಡಿದರು. ತೂಬು ನೋಡಿಕೊಳ್ಳೋಕೆ ನೀರಗಂಟಿ ಇದ್ದ. ಬೇಸಿಗೆಯಲ್ಲಿ ಹೂಳು ಗಾಡಿ ಏರಿ ಹೊಲಕ್ಕೆ ಹೋಗುತ್ತಿತ್ತು.

ಈ ವ್ಯವಸ್ಥೆಯಲ್ಲಿ ಹಕ್ಕಿಗಳಿಗೂ ಪಾಲಿತ್ತು. ನೀರು ಇಳಿದಂತೆ ಅಂಚಿನಲ್ಲಿ ಕೆಸರು ತೆರೆದುಕೊಳ್ಳುತ್ತದೆ. ಚಳಿಗಾಲಕ್ಕೆ ಬಂದ ಗದ್ದೆ ಗೊರವ ವಾಪಸ್ ಉತ್ತರಕ್ಕೆ ಹಾರೋ ಮುಂಚೆ ಹುಳು ಹೆಕ್ಕೋದು ಅಲ್ಲೇ. ಬಣ್ಣದ ಕೊಕ್ಕರೆಗೂ ಮೀನು ಸಿಗೋದು ಕಾಲು ಮುಳುಗುವಷ್ಟು ನೀರಿನಲ್ಲೇ.

1892ರಲ್ಲಿ ಮೈಸೂರು ಮತ್ತು ಮದ್ರಾಸ್ ಸರ್ಕಾರಗಳ ನಡುವೆ ಒಪ್ಪಂದವಾಯಿತು. ಪಾಲಾರ್‌ನಂಥ ನದಿಗಳ ಮೇಲೆ ಮೈಸೂರು ಹೊಸ ಕೆರೆ ಕಟ್ಟಬೇಕೆಂದರೆ ಮದ್ರಾಸಿನ ಒಪ್ಪಿಗೆ ಬೇಕಾಯಿತು. ಅಂದರೆ ಇದ್ದ ಕೆರೆಗಳನ್ನೇ ಜೋಪಾನ ಮಾಡಬೇಕಿತ್ತು. ಆದದ್ದು ಉಲ್ಟಾ. ಬೋರ್‌ವೆಲ್ ಬಂತು, ನೀರಗಂಟಿ ಮರೆಯಾದ, ಕಾಲುವೆಗಳು ಒತ್ತುವರಿಯಾದವು, ಕೆರೆ ಅಂಗಳದಲ್ಲಿ ಜಾಲಿ ಬೆಳೆಯಿತು. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರಿಲ್ಲ ಅನ್ನೋ ಸ್ಥಿತಿ ಬಂತು.

2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಮಳೆಯಿಂದಲ್ಲ, ಪೈಪಿನಿಂದ! ಕೆ.ಸಿ. ವ್ಯಾಲಿ ಯೋಜನೆಯದು. ಬೆಂಗಳೂರಿನ ಮನೆಗಳ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ 126 ಕೆರೆಗಳಿಗೆ ತುಂಬಿಸೋ ಲೆಕ್ಕ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೆರೆಗಳೂ ಇದರಲ್ಲಿವೆ. ಮರುತಿಂಗಳೇ ನೊರೆ ಕಾಣಿಸಿತು. ಹೈಕೋರ್ಟ್ ತಡೆ ನೀಡಿತು, ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಯಿತು. ಆಮೇಲೆ ನೀರು ಮತ್ತೆ ಹರಿಯಿತು.

ನೀರು ಬಂದದ್ದು ಬೇಡ ಅನ್ನೋಕೆ ಬೆಂಗಳೂರಿನಲ್ಲಿ ನಲ್ಲಿ ತಿರುಗಿಸೋ ನಮಗೆ ಯಾವ ಹಕ್ಕೂ ಇಲ್ಲ. ಆದರೆ ಮೂರನೇ ಹಂತದ ಶುದ್ಧೀಕರಣ ಆಗಲಿ ಅಂತ ಕೇಳೋ ಹೊಣೆ ನಮ್ಮದೇ, ಏಕೆಂದರೆ ಅದು ನಾವು ಬಳಸಿ ಬಿಟ್ಟ ನೀರು. ಇನ್ನೊಂದು ಮಾತು: ಬೇಸಿಗೆಯಲ್ಲೂ ತುಂಬಿ ನಿಂತ ಕೆರೆ ನೀರುಕಾಗೆಗೆ ಹಬ್ಬ, ಗೊರವಕ್ಕೆ ಉಪವಾಸ. ಕೆರೆಯ ಒಂದು ಮಗ್ಗುಲಲ್ಲಾದರೂ ನೀರು ಇಳಿದು ಕೆಸರು ಕಾಣಬೇಕು.

ಈ ಸಲ ಹೋದಾಗ ಹಕ್ಕಿ ಎಣಿಸಿ ಸುಮ್ಮನಾಗಬೇಡಿ. ದಡದಲ್ಲಿ ಕೆಸರಿದೆಯಾ, ನೀರಿನ ಮೇಲೆ ನೊರೆ ಇದೆಯಾ, ಅದನ್ನೂ ಬರೆದುಕೊಳ್ಳಿ.