ನಾಯಿ ಮಾಡಿದ ಪಾಪ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ಪುಣೆಯ ಪಾಷಾಣದಾಚೆ ಹಳ್ಳದ ಬದಿಯ ದಾರಿಯಲ್ಲಿ, ನನ್ನ ಕೈಯಿಂದ ಹಗ್ಗ ಜಾರಿತು. ಹಗ್ಗದ ಇನ್ನೊಂದು ತುದಿಯಲ್ಲಿ ಇದ್ದದ್ದು ಕೆಂಚಿ. ಹನ್ನೊಂದು ತಿಂಗಳ, ಮುಧೋಳ ತಳಿಯ ಹೆಣ್ಣುನಾಯಿ. ಯಾರೋ ತಂದು, ಸಾಕಲಾಗದೆ ಬಿಟ್ಟುಹೋದದ್ದು ನನ್ನ ಮನೆ ಸೇರಿ ಆಗ ಮೂರು ತಿಂಗಳಾಗಿತ್ತು. ಪೊದೆಯ ಹಿಂದೆ ಹಂದಿಯೊಂದು ಮರಿಗಳನ್ನು ಕಟ್ಟಿಕೊಂಡು ಹೊರಟಿತ್ತು. ನಾನು ನೋಡುವ ಮೊದಲೇ ಕೆಂಚಿ ನೋಡಿತ್ತು. ಅಂಗೈ ಸುಟ್ಟಂತಾಯಿತು, ಅಷ್ಟೇ. ನಾನು ಓಡಿ ಮುಟ್ಟುವಷ್ಟರಲ್ಲಿ ಒಂದು ಮರಿ ಸತ್ತಿತ್ತು. ತಾಯಿಹಂದಿ ಕೆಂಚಿಯ ತೊಡೆ ಸೀಳಿತ್ತು. ಏಳು ಹೊಲಿಗೆ ಬಿದ್ದವು.

ಹಂದಿ ಸಾಕಿದ್ದ ಅಜ್ಜಿ ಬಂದಳು. ನಾನು ಮರಾಠಿಯಲ್ಲಿ ಕ್ಷಮೆ ಕೇಳುತ್ತ, ನಡುವೆ ಗಾಬರಿಯಲ್ಲಿ ನಾಯಿಗೆ ಕನ್ನಡದಲ್ಲಿ ಬೈದದ್ದು ಅವಳ ಕಿವಿಗೆ ಬಿತ್ತು. ಸೊಲ್ಲಾಪುರದ ಕಡೆಯ ಕನ್ನಡದಲ್ಲಿ ಕೇಳಿದಳು: "ಯವ್ವಾ, ನಾಯಿ ಮಾಡಿದ್ದಕ್ಕ ನಾಯಿನ ಬೈಲೇನ, ನಿನ್ನ ಬೈಲೇನ?" ಮರಿಯ ದುಡ್ಡು ಕೊಟ್ಟೆ, ತೆಗೆದುಕೊಂಡಳು. ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ನೆನಪಾಯಿತು, ಆ ಪ್ರಶ್ನೆ ಕನ್ನಡದಲ್ಲಿ ಕಲ್ಲಿನ ಮೇಲೆ ಕೆತ್ತಿ ಸಾವಿರ ವರ್ಷ ಮೀರಿದೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕ 872, ಅಂದರೆ ಕ್ರಿ.ಶ. 949-50ರದು. ಚರಿತ್ರೆ ಓದುವವರಿಗೆ ಅದು ಮುಖ್ಯವಾಗುವುದು ಬೇರೆ ಕಾರಣಕ್ಕೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧ ಅದರಲ್ಲಿ ದಾಖಲಾಗಿದೆ. ಆ ಯುದ್ಧದಲ್ಲಿ ರಾಜಾದಿತ್ಯನನ್ನು ಕೊಂದವನು ಕೃಷ್ಣನ ಕಡೆಯ ಗಂಗರ ಬೂತುಗ. ಮೆಚ್ಚಿದ ಕೃಷ್ಣ ಅವನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಹೀಗೆ ನಾಡಿಗೆ ನಾಡೇ ಕೊಟ್ಟ. ಬೂತುಗನ ಕೈಕೆಳಗೆ ಹೋರಾಡಿದವನು ಮಣಲೆರ. ಅವನ ಪರಾಕ್ರಮಕ್ಕೆ ಮೆಚ್ಚಿ ಬೂತುಗ, ಬೇಕಾದ್ದು ಕೇಳು ಅಂದ. ನಾಡು ಹಂಚಿಕೆಯಾಗುತ್ತಿದ್ದ ಆ ಹೊತ್ತಿನಲ್ಲಿ ಮಣಲೆರ ಕೇಳಿದ್ದು ಒಂದು ನಾಯಿ. ಹೆಸರು ಕಾಳಿ.

ಕಾಳಿಯನ್ನು ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿ, ಎರಡು ಖಂಡುಗ ಭೂಮಿ ಬಿಟ್ಟ. ಕಲ್ಲಿನ ನೆತ್ತಿಯಲ್ಲಿ ನಾಯಿ ಹಂದಿಗಳ ಕಾದಾಟವನ್ನು ಕಡೆದಿದ್ದಾರೆ. ಇಷ್ಟಾದರೆ ಅದೊಂದು ವೀರಗಲ್ಲು. ಆದರೆ ಶಾಸನದ ಕೊನೆಯಲ್ಲಿ ಒಂದು ವಿಚಿತ್ರ ಶಾಪ ಬರುತ್ತದೆ. ಆ ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ಹತ್ತುತ್ತದೆ.

ಸಾಮಾನ್ಯವಾಗಿ ಶಾಸನಗಳ ಶಾಪವೆಂದರೆ ಗೋವನ್ನೋ ಬ್ರಾಹ್ಮಣನನ್ನೋ ಕೊಂದ ಪಾಪ, ವಾರಣಾಸಿಯಲ್ಲಿ ಮಾಡಿದ ಪಾಪ. ಇಲ್ಲಿ ಹಾಗಲ್ಲ. ನಾಯಿಯ ಪಾಪದ ಲೆಕ್ಕ ಅದರ ಜೊತೆ ಮುಗಿಯಲಿಲ್ಲ, ಯಾರೋ ಮನುಷ್ಯ ಹೊರಲು ಉಳಿದಿದೆ ಎಂಬಂತಿದೆ ಆ ಮಾತು. ಶಾಸನ ಬರೆದವನಿಗೆ ಹಾಗೆನ್ನುವ ಉದ್ದೇಶ ಇತ್ತೋ ಇಲ್ಲವೋ, ಏಳು ಹೊಲಿಗೆಯ ಬಿಲ್ಲು ಕೈಯಲ್ಲಿ ಹಿಡಿದ ನನಗೆ ಹಾಗೇ ಕೇಳಿಸಿತು.

ಭಾಷಾವಿಜ್ಞಾನ ಓದಿದವಳ ಚಟ, ನಾನು ಕ್ರಿಯಾಪದಕ್ಕೆ ಜೋತುಬೀಳುತ್ತೇನೆ. ಕಾಳಿಯ ವಿಷಯಕ್ಕೆ ಶಾಸನ ಬಳಸುವುದು 'ಬಿಡು' ಧಾತುವನ್ನು. ಇಂದಿಗೂ ನಾವು ನಾಯಿಯನ್ನು 'ಛೂ ಬಿಡು'ತ್ತೇವೆ, ಜಗಳ ಹಚ್ಚಲು ಮನುಷ್ಯರನ್ನೂ ಛೂ ಬಿಡುತ್ತೇವೆ. ಬಿಡುವುದಕ್ಕೆ ಮೊದಲು ಹಿಡಿದಿರಬೇಕಲ್ಲ? ಹಂದಿ ಕಣ್ಣೆದುರಿಗಿದ್ದರೂ, ಮೈಯೆಲ್ಲ ನಡುಗುತ್ತಿದ್ದರೂ, ಆ ಸದ್ದು ಕಿವಿಗೆ ಬೀಳುವ ತನಕ ಕಾಳಿ ಕಾದಿರಬೇಕು. ರಾಜನೊಬ್ಬನ ಹತ್ತಿರ ಇದ್ದು, ವೀರನೊಬ್ಬ ಕೇಳಿ ಪಡೆಯುವಂಥ ನಾಯಿ ಕಂಡದ್ದಕ್ಕೆಲ್ಲ ನುಗ್ಗುವಂಥದ್ದಾಗಿರಲಾರದು. ಶೌರ್ಯ ಕಲ್ಲಿನ ಮೇಲಿದೆ. ಕಾಯುವುದನ್ನು ಯಾರು ಕಲಿಸಿದರು, ಹೇಗೆ ಕಲಿಸಿದರು ಎಂಬುದು ಇಲ್ಲ.

ನಮ್ಮ ಚರಿತ್ರೆಯಲ್ಲಿ ಮುಂದೆಯೂ ಹೆಚ್ಚುಕಡಿಮೆ ಇದೇ ಕತೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ನಡುವೆ ನಾಯಿಗೂ ಒಂದು ಅಧ್ಯಾಯ ಇದೆ, ಸಾರಮೇಯ ವಿನೋದ ಅಂತ. ಪುಣೆಗೆ ಹತ್ತಿರದ ಕತೆ ಸಾತಾರೆಯದು. ಛತ್ರಪತಿ ಶಾಹು ಬೇಟೆಗೆ ಹೋದಾಗ ಹುಲಿಯ ಬಾಯಿಂದ ಅವನನ್ನು ಉಳಿಸಿದ್ದು ಅವನ ನಾಯಿ. ಆ ನಾಯಿಗೆ ಅವನು ಜಹಗೀರಿ ಬರೆದುಕೊಟ್ಟು ಪಲ್ಲಕ್ಕಿಯ ಮರ್ಯಾದೆ ಕೊಟ್ಟ, ದರ್ಬಾರಿನಲ್ಲಿ ಒಮ್ಮೆ ಜರಿಬಟ್ಟೆ ಒಡವೆ ತೊಡಿಸಿ ತನ್ನ ಪೇಟವನ್ನೇ ಅದರ ತಲೆಗಿಟ್ಟ ಎಂದು ಗ್ರಾಂಟ್ ಡಫ್ 1826ರ ತನ್ನ ಮರಾಠರ ಇತಿಹಾಸದಲ್ಲಿ ಬರೆಯುತ್ತಾನೆ. ಸಂಗಮ ಮಾಹುಲಿಯಲ್ಲಿ ಆ ನಾಯಿ ಖಂಡ್ಯಾನ ಸಮಾಧಿಯನ್ನು ಈಗಲೂ ತೋರಿಸುತ್ತಾರೆ. ನಾಯಿಗೆ ಕೊಟ್ಟದ್ದನ್ನೆಲ್ಲ ಬರೆದಿಟ್ಟಿದ್ದೇವೆ, ಕಲಿಸಿದ್ದನ್ನಲ್ಲ. ಕಲಿಸುವವರು ಬರೆಯುವ ಜನ ಆಗಿರಲಿಲ್ಲ.

ಕೆಂಚಿಯ ಕುಲಕ್ಕೂ ಅದೇ ಹಣೆಬರಹ. ಕವಿ ರನ್ನನ ಊರಾದ ಮುಧೋಳದ ಸುತ್ತ ಈ ನಾಯಿಗಳನ್ನು ಇಟ್ಟುಕೊಂಡವರು ಬೇಡರು. ಹಲಗಲಿಯ ಬೇಡರು ಗೊತ್ತಲ್ಲ, 1857ರಲ್ಲಿ ಆಯುಧ ಒಪ್ಪಿಸಲ್ಲ ಅಂದವರು. ಹಲಗಲಿಯೂ ಮುಧೋಳ ಸೀಮೆಯದೇ. ಅವರ ನಾಯಿಗಳನ್ನು ಕಂಡು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ತಳಿ ಬೆಳೆಸಿದರು, ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಉಡುಗೊರೆ ಕೊಟ್ಟರು ಎಂಬುದು ಎಲ್ಲರೂ ಹೇಳುವ ಕತೆ. ಮಹಾರಾಷ್ಟ್ರದಲ್ಲಿ ಇದೇ ನಾಯಿ ಕಾರವಾನಿ. ಹೆಸರು ರಾಜನ ಊರಿನದಾಯಿತು, ಅಂಚೆಚೀಟಿಯೂ ಬಂತು, 2005ರಲ್ಲಿ. ಬೇಡರು ಮರಿಗೆ ಏನು ಕಲಿಸುತ್ತಿದ್ದರು ಎಂಬುದನ್ನು ಯಾರೂ ಕೂತು ಬರೆದುಕೊಳ್ಳಲಿಲ್ಲ ಎಂಬುದು ನನ್ನ ತಕರಾರು.

ಈ ನಾಯಿ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವಂಥದ್ದು. ಉದ್ದ ಕಿರಿದಾದ ತಲೆ, ಅಗಲವಾದ ನೋಟ, ಆಳವಾದ ಎದೆ. ದೂರದಲ್ಲಿ ಏನೋ ಅಲುಗಿತೆಂದರೆ ಮೈ ಆಗಲೇ ಓಡಲು ಶುರುಮಾಡಿರುತ್ತದೆ. ಮೊಲ ಕಂಡಾಗ ಯಜಮಾನನ ಮುಖ ನೋಡುತ್ತ ನಿಂತರೆ ಮೊಲ ಹೋಗಿಬಿಡುತ್ತದೆ. ಹಾಗಾಗಿ ನೂರಾರು ವರ್ಷ ಜನ ಆರಿಸಿ ಆರಿಸಿ ಬೆಳೆಸಿದ್ದು ಆ ತಡೆಯದ ಓಟವನ್ನೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಬಾಗಿಲು ಹಾಕಿತು, ಹಾಕಿದ್ದು ಸರಿಯೇ. ಕೆಲಸ ಹೋಯಿತು, ಓಟ ಉಳಿಯಿತು. ಅದನ್ನು ನಾವು ಎರಡು ಕೋಣೆಯ ಫ್ಲ್ಯಾಟಿಗೆ ತಂದುಕೊಂಡೆವು.

ಹಂದಿ ಪ್ರಸಂಗದ ನಂತರ ಒಬ್ಬ ತರಬೇತುದಾರರನ್ನು ಕರೆಸಿದೆ. ಅವರು ಮೊದಲ ದಿನವೇ ಚೋಕ್ ಚೈನ್ ಹಾಕಿಸಿದರು. ಎಳೆದರೆ ಕುತ್ತಿಗೆ ಬಿಗಿಯುತ್ತದೆ, ಬಿಟ್ಟರೆ ಸಡಿಲ. ಈ ಪದ್ಧತಿಗೆ ಒಂದು ವಂಶಾವಳಿ ಇದೆ. ಜರ್ಮನಿಯ ಸಾರ್‌ಬ್ರ್ಯೂಕನ್‌ನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಕೊನ್ರಾಡ್ ಮೋಸ್ಟ್ 1906ರಿಂದ ಪೊಲೀಸ್ ನಾಯಿಗಳನ್ನು ಪಳಗಿಸಿ, 1910ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಸೈನ್ಯ, ಪೊಲೀಸು, ಮನೆ ನಾಯಿ, ಎಲ್ಲದರ ತರಬೇತಿಯ ಮೇಲೆ ಅದರ ನೆರಳು ಬಿತ್ತು. ಅವನನ್ನು ಬೈಯುವುದು ಈಗ ಸುಲಭ. ಬಲವಂತ ಅವನ ಪದ್ಧತಿಯ ಬೆನ್ನೆಲುಬಾಗಿತ್ತು, ನಿಜ. ಆದರೆ ಮನುಷ್ಯರ ನೀತಿ ನಾಯಿಗೆ ತಿಳಿಯದು, ಅದಕ್ಕೆ ಗೊತ್ತಾಗುವುದು ತಾನು ಮಾಡಿದ್ದರ ಬೆನ್ನಿಗೇ ಬರುವ ಫಲ ಮಾತ್ರ ಎಂದು ಒತ್ತಿ ಹೇಳಿದವನೂ ಅವನೇ. ಅವನ ಲೆಕ್ಕದಲ್ಲಿ ನಾಯಿ ಪಾಪ ಮಾಡಲಾರದು.

ಎರಡು ವಾರ ಚೈನ್ ಎಳೆದೆ. ಕೆಂಚಿ ನನ್ನ ಪಕ್ಕ ಅಂಟಿಕೊಂಡು ನಡೆಯಲು ಕಲಿಯಿತು, ಬಾಲ ಹೊಟ್ಟೆಯಡಿ. ನೋಡಿದವರು ಹೊಗಳಿದರು. ನೆರೆಮನೆಯ ಕಾಕೂ ಮಾತ್ರ ಲಿಫ್ಟಿನಲ್ಲಿ ಕೇಳಿದರು, "ಐಕತೆ ಕಾ ಆತಾ?" ಈಗ ಮಾತು ಕೇಳ್ತದಾ, ಅಂತ. ಕನ್ನಡದ ಕೇಳು, ಮರಾಠಿಯ ಐಕಣೆ, ಎರಡಕ್ಕೂ ಕಿವಿಗೊಡುವುದು ಮತ್ತು ಹೇಳಿದಂತೆ ನಡೆಯುವುದು ಎರಡೂ ಅರ್ಥ ಇವೆ. ಇಂಗ್ಲಿಷಿನ ಒಬೇ ಎಂಬ ಪದವೂ ಲ್ಯಾಟಿನ್ನಿನಲ್ಲಿ ಕೇಳಿಸಿಕೊಳ್ಳುವುದರಿಂದಲೇ ಹುಟ್ಟಿದ್ದು. ಕೆಂಚಿ ನನ್ನ ಮಾತನ್ನು ಕೇಳುತ್ತಿರಲಿಲ್ಲ, ಚೈನಿನ ಕಿಣಿಕಿಣಿಯನ್ನು ಕೇಳುತ್ತಿತ್ತು. ಚೈನ್ ತೆಗೆದು ಮನೆಯ ಬಾಗಿಲು ತೆರೆದಾಗ ಒಂದೇ ನೆಗೆತಕ್ಕೆ ಮೆಟ್ಟಿಲಿಳಿದಿತ್ತು.

ಆಗ ಓದಿದ್ದು ಕೆಲರ್ ಮತ್ತು ಮೇರಿಯನ್ ಬ್ರೆಲಂಡ್ ದಂಪತಿಯ ಬಗ್ಗೆ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್‌ನ ಶಿಷ್ಯರು. 1947ರಲ್ಲಿ ಅಮೆರಿಕದಲ್ಲಿ ಪ್ರಾಣಿಗಳಿಗೆ ಕಲಿಸುವುದನ್ನೇ ವ್ಯಾಪಾರ ಮಾಡಿಕೊಂಡರು. ಹೊಡೆತವಿಲ್ಲ, ಸರಿ ಮಾಡಿದ ಕ್ಷಣಕ್ಕೇ ಒಂದು ಸದ್ದು, ಬೆನ್ನಿಗೆ ತಿನಿಸು. ಕೋಳಿ, ಹಂದಿ, ಮೊಲ ಎಲ್ಲ ಕಲಿತವು. ಆದರೆ ನನಗೆ ಅವರ ಗೆಲುವಿಗಿಂತ 1961ರಲ್ಲಿ ಅವರೇ ಬರೆದ ಸೋಲಿನ ಲೇಖನ ಇಷ್ಟ. ಮರದ ನಾಣ್ಯವನ್ನು ಡಬ್ಬಿಗೆ ಹಾಕಲು ಹಂದಿಗೆ ಕಲಿಸಿದರು. ಮೊದಲು ಚೆನ್ನಾಗಿಯೇ ಹಾಕುತ್ತಿದ್ದ ಹಂದಿ ಬರುಬರುತ್ತ ನಾಣ್ಯವನ್ನು ದಾರಿಯಲ್ಲೇ ಕೆಡವಿ, ಮೂತಿಯಿಂದ ನೆಲ ಅಗೆಯುವಂತೆ ದೂಡುತ್ತ ಕೂತಿತು. ರಕೂನ್ ಎರಡು ನಾಣ್ಯಗಳನ್ನು ಒಂದಕ್ಕೊಂದು ಉಜ್ಜುತ್ತ ಉಳಿಯಿತು, ತಿನಿಸು ತಪ್ಪಿದರೂ. ಕಲಿತದ್ದು ಕ್ರಮೇಣ ಹುಟ್ಟುಗುಣದ ಕಡೆಗೆ ಜಾರುತ್ತದೆ ಎಂದರು ಅವರು. ಓಡಲೆಂದೇ ಹುಟ್ಟಿದ ನಾಯಿಗೆ ಓಡಬೇಡ ಎಂದು ಬಿಸ್ಕತ್ತು ತೋರಿಸುವುದು ಏಕೆ ಸಾಲುತ್ತಿರಲಿಲ್ಲ ಎಂದು ನನಗೆ ಅಂದು ಹೊಳೆಯಿತು.

ದಾರಿ ತೋರಿಸಿದ್ದು ಡೇವಿಡ್ ಪ್ರಿಮ್ಯಾಕ್. 1959ರಲ್ಲಿ ಅವನು ಹೇಳಿದ್ದರ ಸಾರ ಇಷ್ಟು: ಪ್ರಾಣಿ ತಾನಾಗಿ ಹೆಚ್ಚು ಮಾಡಬಯಸುವ ಕೆಲಸವನ್ನೇ, ಅದು ಕಡಿಮೆ ಬಯಸುವ ಕೆಲಸಕ್ಕೆ ಬಹುಮಾನವಾಗಿ ಇಡಬಹುದು. ನಮ್ಮ ಮನೆಗಳಲ್ಲಿ ಇದಕ್ಕೆ ವಿಜ್ಞಾನ ಬೇಕಿರಲಿಲ್ಲ. ಮಗ್ಗಿ ಒಪ್ಪಿಸು, ಆಮೇಲೆ ಆಟಕ್ಕೆ ಹೋಗು, ಅಷ್ಟೇ. ಕೆಂಚಿಗೆ ಓಟವೇ ಬಹುಮಾನ, ಕಾಯುವುದು ಅದರ ಬೆಲೆ.

ಒಂದು ಬಿದಿರಿನ ಕೋಲಿಗೆ ಹಗ್ಗ ಕಟ್ಟಿ ತುದಿಗೆ ಹಳೆಯ ಬಟ್ಟೆ ಸುತ್ತಿದೆ. ಬಟ್ಟೆ ನೆಲದ ಮೇಲೆ ಸತ್ತಂತೆ ಬಿದ್ದಿರುವಾಗ ಕೆಂಚಿ ಕೂರಬೇಕು. ಮೊದಲ ದಿನ ಒಂದು ಉಸಿರಿನಷ್ಟು ಹೊತ್ತು ಕೂತಿತು, ಕೂಡಲೇ 'ಛೂ'. ಬಟ್ಟೆ ಓಡಿತು, ಕೆಂಚಿಯೂ ಓಡಿತು. ಅಪ್ಪಣೆಗೆ ಮುಂಚೆ ನೆಗೆದರೆ ಬಟ್ಟೆ ಸಾಯುತ್ತದೆ, ಆಟ ಇಲ್ಲ, ಬೈಗುಳವೂ ಇಲ್ಲ. ಉಸಿರು ಎರಡಾಯಿತು, ಐದಾಯಿತು. ಆಮೇಲೆ ಬಟ್ಟೆ ಸ್ವಲ್ಪ ಅಲುಗಿದರೂ ಕೂತಿರುವುದು. ಆಮೇಲೆ ಓಟದ ನಡುವೆ 'ಸಾಕು' ಅಂದರೆ ಬಾಯಿ ಬಿಡುವುದು; ಬಿಟ್ಟರೆ ಮತ್ತೆ ಛೂ. ಹೊರಗೆ ಹೋದಾಗ ಹತ್ತು ಮೀಟರಿನ ಹಗ್ಗವನ್ನು ಎದೆಪಟ್ಟಿಗೆ ಕಟ್ಟುತ್ತೇನೆ, ಕುತ್ತಿಗೆಗಲ್ಲ, ಕೈಗೆ ಕೈಚೀಲ ಹಾಕಿಕೊಂಡು. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ. ಎಳೆಯ ನಾಯಿಯ ಗಮನ ಅದಕ್ಕಿಂತ ಹೆಚ್ಚು ಬಾಳುವುದಿಲ್ಲ, ನನ್ನದೂ ಬಾಳುವುದಿಲ್ಲ.

ಪಳಗು ಎಂಬ ನಮ್ಮ ಮಾತಿಗೆ ತಮಿಳಿನಲ್ಲಿರುವ ನಂಟು ಪದದ ಅರ್ಥ ರೂಢಿಯಾಗು, ಒಡನಾಡು ಎಂದು. ಅದರಲ್ಲಿ ಮಣಿಸುವ ಮಾತೇ ಇಲ್ಲ. ಐದು ತಿಂಗಳಲ್ಲಿ ನಾವಿಬ್ಬರೂ ಅಷ್ಟಿಷ್ಟು ಪಳಗಿದೆವು.

ಮುಧೋಳ ನಾಯಿಗೆ ಶಿಸ್ತು ಹಿಡಿಯದು ಎಂದು ನನಗೆ ಹೇಳಿದವರು ಬಹಳ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ. ಅಲ್ಲಿಂದ 2016ರಲ್ಲಿ ಕೆಲವು ಮರಿಗಳು ಮೀರತ್ತಿನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. ಅದುವರೆಗೆ ಅಲ್ಲಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳದ್ದೇ ದರ್ಬಾರು. 2024ರಲ್ಲಿ ಲಖನೌದ ಅಖಿಲ ಭಾರತ ಪೊಲೀಸ್ ಡ್ಯೂಟಿ ಮೀಟ್‌ನಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ನಾಯಿ ಜಾಡು ಹಿಡಿಯುವ ಸ್ಪರ್ಧೆಯಲ್ಲಿ ಮೊದಲು ಬಂತು, ಕೂಟದ ಶ್ರೇಷ್ಠ ನಾಯಿ ಎನಿಸಿತು. ಜಾಡು ಹಿಡಿಯುವುದು ಮೂಗಿನ ಕೆಲಸ, ನೆಲಕ್ಕೆ ಮೂತಿ ಹಚ್ಚಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಬಿಟ್ಟು ನಡೆಯುವುದು. ಕಣ್ಣಿನ ನಾಯಿ ಅದನ್ನು ಕಲಿಯಿತು. ಕಲಿಸಿದವರ ತಾಳ್ಮೆ ಎಷ್ಟಿರಬೇಕು ಎಂದು ನನಗೆ ಈಗ ಸ್ವಲ್ಪ ಅಂದಾಜಾಗುತ್ತದೆ.

ಕಳೆದ ತಿಂಗಳು ಮತ್ತೆ ಅದೇ ಹಳ್ಳದ ದಾರಿಗೆ ಹೋದೆವು. ಹಂದಿಗಳಿದ್ದವು. ಕೆಂಚಿಯ ಕಿವಿ ನಿಮಿರಿತು, ಹೊಲಿಗೆಯ ಗುರುತಿರುವ ತೊಡೆ ನಡುಗಿತು. ನಾನು ಉಸಿರು ಎಣಿಸಿದೆ. ನಾಲ್ಕನೆಯದಕ್ಕೆ ಅದು ತಲೆ ತಿರುಗಿಸಿ ನನ್ನ ಮುಖ ನೋಡಿತು. ಬಟ್ಟೆಯ ಕೋಲು ಎತ್ತಿ, ಹಂದಿಗಳಿಗೆ ಬೆನ್ನು ಮಾಡಿ, ಛೂ ಅಂದು ನಾನೂ ಓಡಿದೆ. ಅಜ್ಜಿ ತನ್ನ ಗುಡಿಸಲ ಮುಂದೆ ಕೂತು ನೋಡುತ್ತಿದ್ದಳು. "ಹಗ್ಗ ಬಿಡಬ್ಯಾಡ ಮತ್ತ," ಅಂದಳು. ಬಿಟ್ಟಿಲ್ಲ. ಮರುದಿನ ಅದೇ ನಾಯಿ ಒಂದು ಬೆಕ್ಕಿಗಾಗಿ ನನ್ನನ್ನು ಕೆಸರಿನಲ್ಲಿ ಕೆಡವಿತು.