ತುಮಕೂರು: ಊರೋ, ಉಪನಗರವೋ?

ತುಮಕೂರಿನ ಮುಖ್ಯರಸ್ತೆಗೆ ಬಿ.ಎಚ್. ರಸ್ತೆ ಎಂದು ಹೆಸರು. ಬೆಂಗಳೂರು–ಹೊನ್ನಾವರ ರಸ್ತೆ ಎಂಬುದರ ಮೊಟಕು ರೂಪ ಅದು. ಊರಿನ ನಡುಬೀದಿಯ ಹೆಸರಿನಲ್ಲಿ ಆ ಊರಿನ ಹೆಸರೇ ಇಲ್ಲ. ಇರುವುದು ಒಂದು ತುದಿಯ ರಾಜಧಾನಿ, ಇನ್ನೊಂದು ತುದಿಯ ಕಡಲತೀರದ ಪಟ್ಟಣ. ಚಿಕ್ಕಂದಿನಿಂದ ಅದೇ ರಸ್ತೆಯಲ್ಲಿ ಓಡಾಡಿದ ನನಗೆ ಇದು ವಿಚಿತ್ರವೆನಿಸಿರಲಿಲ್ಲ. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾಗಿ, ತುಮಕೂರಿಗೂ ಬೆಂಗಳೂರಿನ ಹೆಸರು ಅಂಟಿಸುವ ಮಾತು ಕೇಳಿಬಂದಾಗಲೇ ಅದು ನೆನಪಾದದ್ದು. ನಿವೇಶನ ಇದ್ದವರು ಹಿಗ್ಗಿದರು, ಇಲ್ಲದವರು ರೇಗಿದರು. ಹೆಸರಿನ ವಿಷಯ ಹೋಗಲಿ. ಎಪ್ಪತ್ತು ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರವೊಂದು ಉಪನಗರವಾದದ್ದು ಯಾವಾಗ, ಹೇಗೆ?

ಮೈಸೂರು ಅರಸು ಮನೆತನದ ಕಾಂತೆ ಅರಸು ಎಂಬಾತ ಈ ಊರನ್ನು ಕಟ್ಟಿದನೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ತುಂಬೆ ಗಿಡದಿಂದ ಹೆಸರು ಬಂತೆಂದು ಕೆಲವರು, ತುಮುಕಿ ಎಂಬ ಚರ್ಮವಾದ್ಯದಿಂದ ಬಂತೆಂದು ಕೆಲವರು. ಬ್ರಿಟಿಷ್ ಕಮಿಷನರುಗಳು ಮೈಸೂರು ಸಂಸ್ಥಾನವನ್ನು ಆಳುತ್ತಿದ್ದ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ಡಾಬ್ಸ್ ಎಂಬ ಅಧಿಕಾರಿ 1830ರ ದಶಕದಿಂದ ಸುಮಾರು ಕಾಲು ಶತಮಾನ ಅಧಿಕಾರ ನಡೆಸಿದ್ದು ತುಮಕೂರಿನಿಂದಲೇ. ಬೆಂಗಳೂರು ದಾರಿಯಲ್ಲಿ ಸಿಗುವ ಡಾಬಸ್‌ಪೇಟೆ ಅವನ ಹೆಸರಿನದು. ಚಿತ್ರದುರ್ಗವನ್ನೂ ತುಮಕೂರಿನಲ್ಲಿ ಕುಳಿತು ಆಳುತ್ತಿದ್ದ ಕಾಲವೊಂದಿತ್ತು ಎಂಬುದನ್ನು ಗಮನಿಸಬೇಕು.

ರೈಲು ಬಂದದ್ದು 1884ರಲ್ಲಿ. ಬೆಂಗಳೂರಿನಿಂದ ತುಮಕೂರಿಗೆ ಮೀಟರ್‌ಗೇಜ್ ಹಳಿ ಬಿತ್ತು; 1889ರ ಹೊತ್ತಿಗೆ ಅದೇ ಮಾರ್ಗ ಹರಿಹರ ಮುಟ್ಟಿತು. ನೆರೆಯ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದೂ 1884ರಲ್ಲೇ. ಆದರೆ ರೈಲು ಬಂದೊಡನೆ ಜನ ಬುತ್ತಿ ಕಟ್ಟಿಕೊಂಡು ಬೆಂಗಳೂರಿನ ಕೆಲಸಕ್ಕೆ ಹೊರಟರೆಂದು ತಿಳಿಯಬಾರದು. 1901ರ ಜನಗಣತಿಯಲ್ಲಿ ತುಮಕೂರಿನ ಜನಸಂಖ್ಯೆ ಸುಮಾರು 12 ಸಾವಿರ. ಕಲ್ಪತರು ನಾಡಿನ ತೆಂಗು, ಮಂಡಿಪೇಟೆಯ ವ್ಯಾಪಾರ, ಕಚೇರಿ, ಕೋರ್ಟು ಇಷ್ಟರಲ್ಲೇ ಊರಿನ ಬದುಕು ನಡೆಯುತ್ತಿತ್ತು.

ಸ್ವಾತಂತ್ರ್ಯಾನಂತರವೂ ದುಡಿಮೆಯನ್ನು ಊರಿಗೇ ತರುವ ಪ್ರಯತ್ನಗಳು ನಡೆದವು. ಸಿದ್ಧಗಂಗಾ ಮಠದ ಶಿಕ್ಷಣ ಸಂಸ್ಥೆಗಳು ತುಮಕೂರನ್ನು ವಿದ್ಯಾರ್ಥಿಗಳ ಊರನ್ನಾಗಿ ಮಾಡಿದವು. ಎಂಜಿನಿಯರಿಂಗ್ ಕಾಲೇಜು 1963ರಲ್ಲೇ ಬಂತು. 1978ರಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಬಂತು. ನಮ್ಮ ಹಿಂದಿನ ತಲೆಮಾರಿನವರಿಗೆ ಆ ಕಾರ್ಖಾನೆಯ ಕೆಲಸವೆಂದರೆ ಸರ್ಕಾರಿ ನೌಕರಿಗಿಂತ ಒಂದು ತೂಕ ಹೆಚ್ಚು. ಹೆಣ್ಣು ಕೊಡುವವರು ಮೊದಲು ಕೇಳುತ್ತಿದ್ದುದೇ ಅದನ್ನು. ಗಡಿಯಾರದ ಕಂಪನಿಗೆ ನಷ್ಟದ ಮೇಲೆ ನಷ್ಟವಾಗಿ 2016ರಲ್ಲಿ ಕೇಂದ್ರ ಸರ್ಕಾರ ಅದನ್ನು ಮುಚ್ಚುವ ತೀರ್ಮಾನ ಮಾಡಿತು. ಕಾರ್ಖಾನೆಯ ಜಾಗ ಇಸ್ರೊ ಪಾಲಾಯಿತು. ಎಚ್.ಎಂ.ಟಿ. ಸೊರಗುತ್ತಿದ್ದ ವರ್ಷಗಳಲ್ಲೇ ಬೆಂಗಳೂರು ಕೊಬ್ಬುತ್ತಿತ್ತು. 1990ರ ದಶಕದಲ್ಲಿ ಹಳಿ ಬ್ರಾಡ್‌ಗೇಜ್ ಆಯಿತು, ಆಮೇಲೆ ಜೋಡಿ ಹಳಿಯಾಯಿತು, ಹೆದ್ದಾರಿ ಅಗಲವಾಯಿತು. ಬೆಂಗಳೂರಿನಲ್ಲಿ ಮನೆ ಬಾಡಿಗೆ ಕೊಡುವುದಕ್ಕಿಂತ ತುಮಕೂರಿನ ಸ್ವಂತ ಮನೆಯಲ್ಲಿದ್ದು ತಿಂಗಳ ಪಾಸು ತೆಗೆಸುವುದೇ ಅಗ್ಗವೆಂಬ ಲೆಕ್ಕ ಎಲ್ಲರಿಗೂ ಗೊತ್ತಾಯಿತು.

ನಮ್ಮ ತಂದೆಯೂ ಅದೇ ಲೆಕ್ಕ ಹಾಕಿದವರು. ಬೆಂಗಳೂರಿನ ಕಚೇರಿಯೊಂದರಲ್ಲಿ ಗುಮಾಸ್ತರು. ಬೆಳಿಗ್ಗೆ ನಾವು ಏಳುವ ಮೊದಲೇ ಹೊರಟು, ರಾತ್ರಿ ನಾವು ಮಲಗುವ ಹೊತ್ತಿಗೆ ಬರುತ್ತಿದ್ದರು. ಭಾನುವಾರ ಅವರು ಮನೆಯಲ್ಲಿದ್ದರೆ ನೆಂಟರು ಬಂದ ಹಾಗೆ. ಈಗ ನಾನೂ ಪಾಸಿನವನೇ. ಕ್ಯಾತ್ಸಂದ್ರ, ಹಿರೇಹಳ್ಳಿ, ನಿಡವಂದ, ದೊಡ್ಡಬೆಲೆ ಎಂದು ನಿಲ್ದಾಣಗಳು ಸರಿಯುತ್ತವೆ, ನಡುವೆ ಶಿವಗಂಗೆ ಬೆಟ್ಟ. ಬೋಗಿಯೊಳಗೆ ಇನ್ನೊಂದು ತುಮಕೂರೇ ಇರುತ್ತದೆ. ಸೂಟ್‌ಕೇಸ್ ಮೇಲೆ ಇಸ್ಪೀಟು, ಪಕ್ಕದಲ್ಲಿ ಚೀಟಿ ವ್ಯವಹಾರ, ಅದರ ಮಗ್ಗುಲಲ್ಲಿ ವಧೂವರರ ವಿಚಾರ. ಸಂಜೆ ಹೆಂಗಸರು ಯಶವಂತಪುರದಲ್ಲಿ ಕೊಂಡ ಅವರೆಕಾಯಿಯನ್ನು ತುಮಕೂರು ಬರುವಷ್ಟರಲ್ಲಿ ಸುಲಿದು ಮುಗಿಸುತ್ತಾರೆ. ಆಯುಧಪೂಜೆಗೆ ಎಂಜಿನ್ನಿಗೆ ಬಾಳೆಕಂದು, ಹೂವಿನ ಹಾರ. ಹದಿನೈದು ವರ್ಷ ಎದುರುಬದುರು ಕುಳಿತವರ ಸ್ನೇಹ ಬೀದಿಯ ಸ್ನೇಹಕ್ಕಿಂತ ಗಟ್ಟಿ. ನಮ್ಮ ತಂದೆಗೆ ಬೋಗಿಯ ಗೆಳೆಯರ ಮಕ್ಕಳ ಹೆಸರೆಲ್ಲ ಗೊತ್ತು. ನಮ್ಮ ವಾರ್ಡಿನ ಸದಸ್ಯ ಯಾರೆಂದು ಕೇಳಿದರೆ ಅಮ್ಮನ ಮುಖ ನೋಡುತ್ತಿದ್ದರು.

ಅಸಲಿ ಪ್ರಶ್ನೆ ಇರುವುದು ಇಲ್ಲಿ. 2010ರಲ್ಲಿ ತುಮಕೂರು ಮಹಾನಗರ ಪಾಲಿಕೆಯಾಯಿತು, 2011ರ ಜನಗಣತಿಯಲ್ಲಿ ಜನಸಂಖ್ಯೆ ಮೂರು ಲಕ್ಷ ದಾಟಿತು, 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೂ ಸೇರಿತು. ಪಾಲಿಕೆಯೇನೋ ದೊಡ್ಡದಾಯಿತು, ಆದರೆ ಅದನ್ನು ಹಗಲು ಹೊತ್ತು ಪ್ರಶ್ನಿಸಬಲ್ಲ ಓದಿದ ಜನರಲ್ಲಿ ಒಂದು ಪಾಲು ಊರಿನಲ್ಲೇ ಇರುವುದಿಲ್ಲ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಸಂಜೆ ನಾಟಕವಿದ್ದರೆ ನಾನು ಹೋಗಿ ಸೇರುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ. ಎಷ್ಟೋ ನಾಟಕಗಳ ಕೊನೆ ಮಾತ್ರ ನನಗೆ ಗೊತ್ತು.

ಹಾಗೆಂದು ತುಮಕೂರು ಬರೀ ಮಲಗುವ ಊರು ಎಂದರೆ ತಪ್ಪಾಗುತ್ತದೆ. ರಜೆಯ ದಿನ ಬೆಳಿಗ್ಗೆ ಹತ್ತಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಪಾವಗಡ, ಶಿರಾ, ಮಧುಗಿರಿ, ಕುಣಿಗಲ್, ಗುಬ್ಬಿಯಿಂದ ಬಸ್ಸುಗಟ್ಟಲೆ ಜನ ಇಳಿಯುತ್ತಾರೆ: ಆಸ್ಪತ್ರೆಗೆ, ಕೋರ್ಟಿಗೆ, ಕಾಲೇಜಿಗೆ, ಮದುವೆಯ ಜವಳಿಗೆ. ಹತ್ತು ತಾಲ್ಲೂಕುಗಳ ಪಾಲಿಗೆ ತುಮಕೂರೇ ಬೆಂಗಳೂರು. ಒಂದೇ ಊರು ಒಂದು ದಿಕ್ಕಿಗೆ ಉಪನಗರ, ಉಳಿದ ದಿಕ್ಕುಗಳಿಗೆ ಪಟ್ಟಣ. ಬೆಂಗಳೂರಿನ ಹೆಸರು ಅಂಟಿಸಬೇಕೆನ್ನುವವರು ಪಾವಗಡದಿಂದ ಬಂದವನನ್ನು ಈ ಬಗ್ಗೆ ಕೇಳಿದ ಹಾಗೆ ಕಾಣಲಿಲ್ಲ. ಹೊಸ ಉದ್ಯೋಗವೂ ಬಾರದೇ ಇಲ್ಲ. ವಸಂತನರಸಾಪುರದಲ್ಲಿ 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು, ಗುಬ್ಬಿ ತಾಲ್ಲೂಕಿನಲ್ಲಿ ಎಚ್‌.ಎ.ಎಲ್‌. ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ಇವು ಎಚ್.ಎಂ.ಟಿ. ಹಾಗೆ ಊರಿನವರನ್ನು ಊರಿನಲ್ಲೇ ನಿಲ್ಲಿಸುತ್ತವೆಯೇ ಎಂಬುದನ್ನು ಈಗಲೇ ಹೇಳುವುದು ದುಡುಕಾದೀತು.

ಬೆಂಗಳೂರಿನ ಮೆಟ್ರೊ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂದಿತು. ಅಲ್ಲಿಂದ ತುಮಕೂರಿಗೇ ಎಳೆಯುವ ಮಾತೂ ನಡೆಯಿತು. ಬೋಗಿಯಲ್ಲಿ ನಮಗೆಲ್ಲ ಅದೇ ಚರ್ಚೆ. ಎಷ್ಟು ನಿಮಿಷ ಉಳಿಯುತ್ತದೆ, ಎಷ್ಟು ದುಡ್ಡು ಹೋಗುತ್ತದೆ.

ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ನಮ್ಮ ನಲ್ಲಿಗಳಿಗೆ ಬರುತ್ತದೆ. ಅದು ಬರುವುದು ಹೆಚ್ಚಾಗಿ ನಾವು ಊರಲ್ಲಿಲ್ಲದ ಹೊತ್ತಿನಲ್ಲಿ. ಹಾಗಾಗಿ ನಮ್ಮ ಬೀದಿಯ ನಾಲ್ಕು ಮನೆಗಳ ಬೀಗದ ಕೈ ಪಕ್ಕದ ಮನೆಯ ಅಜ್ಜಿಯ ಬಳಿ ಇರುತ್ತದೆ. ಸಂಪಿನ ವಾಲ್ವ್ ತಿರುಗಿಸುವುದು ಅವರದೇ ಕೆಲಸ. ಮೊನ್ನೆ ಮೆಟ್ರೊ ಸುದ್ದಿ ಹೇಳಿದೆ. ಅಜ್ಜಿ ಕೀಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ಕೇಳಿದರು: ‘ಅದು ಬಂದ್ರೂ ನೀರು ಬಿಡೋ ಹೊತ್ತಿಗೆ ನೀವ್ಯಾರೂ ಇರಲ್ವಲ್ಲಪ್ಪ?’